ಸುಂಕದ ಕಟ್ಟೆಯಲ್ಲಿ ನಿಂತು ಯೋಚಿಸಿ: ಬ್ರಿಟನ್ನಿನ ಕನ್ನಡಿಗ ಮತದಾರರಿಗೆ ಬಹಿರಂಗ ಪತ್ರ

ಪ್ರಿಯ ಬಂಧುಗಳೇ,

ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ನಿಮಗೆ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ಕಾಮನ್‌ವೆಲ್ತ್ ದೇಶದವರು ಎಂಬ ಕಾರಣಕ್ಕೆ 2016ರ ಜೂನ್ 23ರ ಬ್ರೆಕ್ಸಿಟ್ ಜನಮತಗಣನೆಯಲ್ಲೂ ಆ ಹಕ್ಕು ನಿಮ್ಮವರಿಗೆ ಇತ್ತು. ವರ್ಷಗಟ್ಟಲೆ ಅಲ್ಲೇ ದುಡಿದಿದ್ದ ಪೋಲೆಂಡ್, ಫ್ರಾನ್ಸ್ ದೇಶದವರಿಗೆ ಇರಲಿಲ್ಲ. ಅಂದು ಐರೋಪ್ಯ ಒಕ್ಕೂಟ ಬಿಡೋಣ ಎಂದವರು ಶೇ 51.9, ಉಳಿಯೋಣ ಎಂದವರು ಶೇ 48.1. ಇಷ್ಟು ಕಡಿಮೆ ಅಂತರದ ತೀರ್ಮಾನದಲ್ಲಿ ನಿಮ್ಮ ಮತಕ್ಕೂ ತೂಕವಿತ್ತು, ಮುಂದೆಯೂ ಇರುತ್ತದೆ.

ಈಗ ಅದೇ ಜಗಳ ಬೇರೆ ವೇಷದಲ್ಲಿ ಬಂದಿದೆ. ಮತ್ತೆ ಸೇರೋಣ ಎನ್ನುವವರು, ಕಸ್ಟಮ್ಸ್ ಯೂನಿಯನ್ (ತಮ್ಮೊಳಗೆ ಸುಂಕವಿಲ್ಲದೆ, ಹೊರಗಿನ ಸರಕಿಗೆ ಎಲ್ಲರೂ ಒಂದೇ ಸುಂಕ ವಿಧಿಸುವ ಕೂಟ) ಅಷ್ಟೇ ಸಾಕು ಎನ್ನುವವರು, ಇನ್ನೂ ದೂರ ಸರಿಯಬೇಕು ಎನ್ನುವವರು ಎಲ್ಲರೂ ನಿಮ್ಮ ಬಾಗಿಲಿಗೆ ಬರುತ್ತಾರೆ. ಸರಕು ಸಾಗಣೆ, ಸುಂಕ ಘೋಷಣೆ, ರಫ್ತು ಕಾಗದಪತ್ರಗಳ ಕೆಲಸ ಬಲ್ಲ ನಾವು ಈ ಪತ್ರ ಬರೆಯುತ್ತಿರುವುದು ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ಹೇಳಲು ಅಲ್ಲ. ಅವರ ಮಾತು ಕೇಳುವಾಗ ಯಾವ ಕಾಗದ ಬೇಡವಾಗುತ್ತದೆ, ಅದಕ್ಕೆ ಬೆಲೆ ಏನು ಎಂದು ನೀವು ಕೇಳುವಂತಾಗಲಿ ಎಂಬುದು ನಮ್ಮ ಆಸೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಮಾತು ನಮ್ಮಲ್ಲಿದೆ. ಡೋವರ್ ಬಂದರಿನಲ್ಲೂ ಹಾಗೆಯೇ. ಸಾರ್ವಭೌಮತ್ವ, ಐರೋಪ್ಯ ಸೌಹಾರ್ದ ಮುಂತಾದ ದೊಡ್ಡ ಮಾತುಗಳಿಗೆ ಅಲ್ಲಿ ಕಿವಿ ಇಲ್ಲ. ಅಲ್ಲಿ ಕೇಳುವುದು ನಾಲ್ಕೇ ವಿಷಯ: ಸುಂಕ ಎಷ್ಟು, ಸರಕಿನ ಮೂಲ ಯಾವುದು, ಗುಣಮಟ್ಟ ಮತ್ತು ಆರೋಗ್ಯದ ದಾಖಲೆ ಇದೆಯೇ, ಜೊತೆಗೆ ಬಂದ ಮನುಷ್ಯನಿಗೆ ಒಳಗೆ ಬಂದು ಕೆಲಸ ಮಾಡುವ ಹಕ್ಕಿದೆಯೇ. ಟಿವಿ ಚರ್ಚೆಯಲ್ಲಿ ಈ ನಾಲ್ಕನ್ನೂ ‘ವ್ಯಾಪಾರ ಒಪ್ಪಂದ’ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿಂದ.

2020ರ ಡಿಸೆಂಬರ್ 24ರಂದು ಕುದುರಿ, 2021ರ ಜನವರಿ 1ರಿಂದ ಜಾರಿಗೆ ಬಂದ ಬ್ರಿಟನ್–ಐರೋಪ್ಯ ಒಕ್ಕೂಟದ ವ್ಯಾಪಾರ ಮತ್ತು ಸಹಕಾರ ಒಪ್ಪಂದ ಈ ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ ಬಗೆಹರಿಸಿತು. ಸೊನ್ನೆ ಸುಂಕ, ಸೊನ್ನೆ ಕೋಟಾ ಎಂದು ಅದನ್ನು ಸಾರಿದರು. ಮಾತು ಸುಳ್ಳಲ್ಲ. ಆದರೆ ಸುಂಕ ಸೊನ್ನೆಯಾದ ಮಾತ್ರಕ್ಕೆ ಗಡಿ ಸೊನ್ನೆಯಾಗಲಿಲ್ಲ.

ಇಂಗ್ಲೆಂಡಿನಿಂದ ಫ್ರಾನ್ಸಿನ ಲಿಯಾನ್‌ಗೆ ಒಂದು ಪ್ಯಾಲೆಟ್ ಚೆಡ್ಡರ್ ಚೀಸ್ ಹೋಗಬೇಕು ಎಂದುಕೊಳ್ಳಿ. 2020ರ ಕೊನೆಯ ದಿನದವರೆಗೆ ಇದಕ್ಕೆ ಇನ್‌ವಾಯ್ಸ್, ಡೆಲಿವರಿ ನೋಟ್ ಸಾಕಿತ್ತು. ಈಗ ಮಾರುವವರಿಗೂ ಕೊಳ್ಳುವವರಿಗೂ ಪ್ರತ್ಯೇಕವಾಗಿ ಇಯೋರಿ ಸಂಖ್ಯೆ, ಅಂದರೆ ಸುಂಕ ಇಲಾಖೆಯ ನೋಂದಣಿ ಸಂಖ್ಯೆ ಬೇಕು. ಸರಕಿನ ಕೋಡ್ ಸರಿಯಾಗಿ ಗುರುತಿಸಿ ಬ್ರಿಟನ್ನಿನ ಕಸ್ಟಮ್ಸ್ ವ್ಯವಸ್ಥೆಯಲ್ಲಿ ರಫ್ತು ಘೋಷಣೆ ಸಲ್ಲಿಸಬೇಕು. ಸೊನ್ನೆ ಸುಂಕ ಬೇಕಾದರೆ ‘ಇದು ಬ್ರಿಟನ್ ಮೂಲದ ಸರಕು’ ಎಂಬ ನಿಗದಿತ ವಾಕ್ಯವನ್ನು ಇನ್‌ವಾಯ್ಸ್ ಮೇಲೆ ಬರೆಯಬೇಕು. ಚೀಸ್ ಪ್ರಾಣಿಜನ್ಯ ಆಹಾರವಾದ್ದರಿಂದ ಅಧಿಕೃತ ಪಶುವೈದ್ಯರು ಸಹಿ ಹಾಕಿದ ರಫ್ತು ಆರೋಗ್ಯ ಪ್ರಮಾಣಪತ್ರ ಬೇಕು. ಸರಕು ಫ್ರಾನ್ಸ್ ಮೂಲಕ ಒಳಹೋಗುವುದರಿಂದ ಅದು ಫ್ರೆಂಚ್ ಭಾಷೆಯಲ್ಲೂ ಇರಬೇಕು. ಕೊಳ್ಳುವವರ ಕಡೆಯವರು ಆಹಾರ, ಪ್ರಾಣಿಜನ್ಯ ಸರಕಿನ ದಾಖಲೆಗೆಂದು ಇರುವ ಒಕ್ಕೂಟದ ಟ್ರೇಸಸ್ ಜಾಲದಲ್ಲಿ ಮುಂಚಿತವಾಗಿ ತಿಳಿಸಿರಬೇಕು. ಫ್ರಾನ್ಸಿನ ಆಮದು ಘೋಷಣೆಯೂ ಮೊದಲೇ ಸಿದ್ಧವಾಗಿರಬೇಕು. ಆ ಘೋಷಣೆಯ ಬಾರ್‌ಕೋಡನ್ನು ಲಾರಿ ಹಡಗು ಹತ್ತುವ ಮುನ್ನ ಲಾರಿಯ ನಂಬರಿಗೆ ಜೋಡಿಸುತ್ತಾರೆ. ಹಡಗು ಕಡಲಲ್ಲಿ ಇರುವಾಗಲೇ ಹಸಿರೋ ಕಿತ್ತಳೆಯೋ ತೀರ್ಮಾನವಾಗುತ್ತದೆ. ಹಸಿರಾದರೆ ಲಾರಿ ನೇರವಾಗಿ ಹೊರಡುತ್ತದೆ, ಕಿತ್ತಳೆಯಾದರೆ ತಪಾಸಣೆಯ ಅಂಗಳಕ್ಕೆ ಹೋಗಬೇಕು.

ಎಡವುವುದು ಎಲ್ಲಿ? ಹೆಚ್ಚಾಗಿ ಚಿಲ್ಲರೆ ಎನ್ನಿಸುವ ಜಾಗದಲ್ಲಿ. ಪ್ರಮಾಣಪತ್ರದಲ್ಲಿ ಬರೆದ ಸೀಲ್ ನಂಬರಿಗೂ ಲಾರಿಯ ಬಾಗಿಲಿನ ಸೀಲಿಗೂ ತಾಳೆಯಾಗುವುದಿಲ್ಲ. ಒಂದು ಪುಟದಲ್ಲಿ ಮುದ್ರೆ ಬಿಟ್ಟುಹೋಗಿರುತ್ತದೆ. ನಿವ್ವಳ ತೂಕ ಇನ್‌ವಾಯ್ಸಿನಲ್ಲಿ ಒಂದು, ಘೋಷಣೆಯಲ್ಲಿ ಇನ್ನೊಂದು. ಹಲವರ ಸರಕು ಒಟ್ಟಿಗೆ ಹೋಗುವ ಲಾರಿಯಲ್ಲಿ ಒಬ್ಬರ ಕಾಗದ ತಪ್ಪಿದರೂ ಉಳಿದವರ ಸರಕೂ ಅಲ್ಲೇ ನಿಲ್ಲುತ್ತದೆ. ದೊಡ್ಡ ಕಂಪನಿಗಳು ಒಂದೇ ಬಗೆಯ ಸರಕನ್ನು ಇಡೀ ಲಾರಿಗೆ ತುಂಬಿ ಕಳಿಸುವುದರಿಂದ ಅವರಿಗೆ ಪ್ರತಿ ಕಾಗದದ ಖರ್ಚು ನೂರಾರು ಪೆಟ್ಟಿಗೆಗಳ ಮೇಲೆ ಹಂಚಿಹೋಗುತ್ತದೆ. ಎರಡು ಪ್ಯಾಲೆಟ್ ಕಳಿಸುವ ಸಣ್ಣ ತಯಾರಕರಿಗೆ ಪಶುವೈದ್ಯರ ಶುಲ್ಕ, ಏಜೆಂಟರ ಶುಲ್ಕ ಸೇರಿದರೆ ಲಾಭವೇ ಉಳಿಯುವುದಿಲ್ಲ. ಹೆಚ್ಚು ಪೆಟ್ಟು ಬಿದ್ದಿರುವುದು ಇಂಥವರಿಗೆ. ಚರ್ಚೆಗಳಲ್ಲಿ ಕಡಿಮೆ ಕೇಳಿಸುವುದೂ ಇವರ ದನಿಯೇ.

ಕೆಲವು ಸರಕಿಗಂತೂ ಕಾಗದವಿದ್ದರೂ ದಾರಿಯಿಲ್ಲ. ಬ್ರಿಟನ್ನಿನ ತಾಜಾ ಸಾಸೇಜ್ ಬರೀ ತಂಪು ಮಾಡಿ ಕಳಿಸಿದರೆ ಒಕ್ಕೂಟದೊಳಗೆ ಬಿಡುವುದಿಲ್ಲ, ಹೆಪ್ಪುಗಟ್ಟಿಸಿರಬೇಕು. ಎರಡನೇ ದರ್ಜೆಯ ನೀರಿನಲ್ಲಿ ಬೆಳೆದ ಜೀವಂತ ಚಿಪ್ಪುಮೀನನ್ನು ಶುದ್ಧೀಕರಿಸದೆ ಕಳಿಸುವಂತಿಲ್ಲ. ಸ್ಕಾಟ್ಲೆಂಡಿನ ಬಿತ್ತನೆ ಆಲೂಗಡ್ಡೆಗೆ ಬಾಗಿಲು ಮುಚ್ಚಿತು. 2021ರ ಜನವರಿಯಲ್ಲಿ ಕಡಲ ಆಹಾರ ಮಾರುವವರು ಲಾರಿಗಳನ್ನು ತಂದು ಲಂಡನ್ನಿನ ಸಂಸತ್ತಿನ ಬಳಿ ನಿಲ್ಲಿಸಿ ಪ್ರತಿಭಟಿಸಿದ್ದು ಇಂಥ ತಡೆಗಳಿಂದ ರೋಸಿಹೋಗಿ.

ಇದನ್ನು ಒಕ್ಕೂಟ ಕೊಟ್ಟ ಶಿಕ್ಷೆ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಹೊರಗಿನ ದೇಶಗಳಿಗೆ ಒಕ್ಕೂಟ ವಿಧಿಸುವ ಈ ನಿಯಮಗಳು ಮೊದಲೇ ಇದ್ದವು, ಒಳಗಿದ್ದಾಗ ಬ್ರಿಟನ್ನೂ ಕೂತು ಬರೆದವು. ಕರ್ನಾಟಕದಿಂದ ಯುರೋಪಿಗೆ ಮಿಡಿಸೌತೆ ಕಳಿಸುವವರು ಕೀಟನಾಶಕ ಶೇಷದ ಮಿತಿ, ಪರೀಕ್ಷಾ ವರದಿ, ಬ್ಯಾಚ್ ದಾಖಲೆ ಎಂದು ಇದೇ ಕಟ್ಟೆಯನ್ನು ಎಷ್ಟೋ ಕಾಲದಿಂದ ದಾಟುತ್ತಿದ್ದಾರೆ. ಸದಸ್ಯತ್ವ ಬಿಟ್ಟ ದಿನ ಬ್ರಿಟನ್ ಅದೇ ಸಾಲಿಗೆ ಬಂದು ನಿಂತಿತು.

ಬಿಡೋಣ ಎಂದವರ ವಾದದಲ್ಲಿ ಹುರುಳಿಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ. 2014ರ ಮೇ 1ರಿಂದ ಒಕ್ಕೂಟ ಭಾರತದ ಮಾವಿನಹಣ್ಣನ್ನು ನಿಷೇಧಿಸಿತ್ತು. ಹಣ್ಣುನೊಣ ಸಿಕ್ಕಿತೆಂಬುದು ಕಾರಣ. ಆ ಹಣ್ಣಿನ ದೊಡ್ಡ ಗಿರಾಕಿ ಬ್ರಿಟನ್. ಲೆಸ್ಟರ್‌ನ ವ್ಯಾಪಾರಿಗಳು ಎಷ್ಟು ಕೂಗಿದರೂ ಲಂಡನ್ ಸರ್ಕಾರಕ್ಕೆ ಒಂಟಿಯಾಗಿ ಅದನ್ನು ತೆಗೆಯಲು ಬರುತ್ತಿರಲಿಲ್ಲ. 2015ರ ಆರಂಭದಲ್ಲಿ ಒಕ್ಕೂಟವೇ ನಿಷೇಧ ಹಿಂತೆಗೆಯುವವರೆಗೆ ಕಾಯಬೇಕಾಯಿತು. ನಮ್ಮ ನಿಯಮ ನಮ್ಮ ಕೈಯಲ್ಲಿರಲಿ ಎಂಬ ಮಾತಿಗೆ ಇಂಥ ನಿಜವಾದ ಆಧಾರಗಳಿವೆ. ಆ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯನ್ನೂ ಜೊತೆಗೇ ಹೇಳಬೇಕಿತ್ತು. 2016ರಲ್ಲಿ ಹೇಳಲಿಲ್ಲ.

ಇನ್ನು ಸರಕಿನ ಮೂಲದ ನಿಯಮ. ಬೆಂಗಳೂರಿನ ಉಡುಪು ಕಾರ್ಖಾನೆಗಳಿಗೆ ನೇರವಾಗಿ ತಟ್ಟುವ ವಿಷಯವಾದ್ದರಿಂದ ತುಸು ವಿವರವಾಗಿ ಹೇಳುತ್ತೇವೆ.

ಪೀಣ್ಯದಲ್ಲಿ ಹೊಲಿದ 1,000 ಶರ್ಟು, ಒಂದಕ್ಕೆ 5 ಪೌಂಡ್, ಒಟ್ಟು 5,000 ಪೌಂಡ್ ಎಂದಿಟ್ಟುಕೊಳ್ಳಿ. ಬ್ರಿಟನ್ ಒಕ್ಕೂಟದಲ್ಲಿದ್ದಾಗ ಫೆಲಿಕ್ಸ್‌ಟೋ ಬಂದರಿನಲ್ಲಿ ಒಮ್ಮೆ ಸುಂಕ ಕಟ್ಟಿದರೆ ಆ ಶರ್ಟು ಡಬ್ಲಿನ್, ಆಮ್‌ಸ್ಟರ್‌ಡ್ಯಾಮ್ ಎಲ್ಲಿಗಾದರೂ ಹೋಗಬಹುದಿತ್ತು. ಈಗ ಬ್ರಿಟನ್ನಿನ ಗೋದಾಮಿಗೆ ಇಳಿಸಿ, ಅಲ್ಲಿ ಸುಂಕವಿದ್ದರೆ ಕಟ್ಟಿ, ಅದರಲ್ಲಿ ಅರ್ಧವನ್ನು ಡಬ್ಲಿನ್ ಅಂಗಡಿಗೆ ಕಳಿಸಿದರೆ ಅಲ್ಲಿ ಮತ್ತೆ ಸುಂಕ. ಬ್ರಿಟನ್–ಒಕ್ಕೂಟದ ಸೊನ್ನೆ ದರ ಬ್ರಿಟನ್ ಮೂಲದ ಸರಕಿಗೆ ಮಾತ್ರ. ಈ ಶರ್ಟಿನ ಮೂಲ ಭಾರತ. ಉಡುಪಿಗೆ ಒಕ್ಕೂಟದ ಸಾಮಾನ್ಯ ದರ ಶೇ 12. ಭಾರತದಿಂದ ನೇರವಾಗಿ ಹೋಗಿದ್ದರೆ ಸಿಗಬಹುದಾದ ರಿಯಾಯಿತಿಯೂ ಇದಕ್ಕಿಲ್ಲ, ಏಕೆಂದರೆ ನಡುವೆ ಬ್ರಿಟನ್ನಿನ ಮಾರುಕಟ್ಟೆಗೆ ಬಿಡುಗಡೆಯಾದ ಸರಕು ಅದು. 2,500 ಪೌಂಡ್ ಸರಕಿಗೆ 300 ಪೌಂಡ್ ಎರಡನೇ ಸಲದ ಸುಂಕ, ಮೇಲೆ ಏಜೆಂಟರ ಖರ್ಚು. ಲೇಬಲ್ ಬದಲಿಸಿದರೆ, ಇಸ್ತ್ರಿ ಮಾಡಿ ಹೊಸ ಪೊಟ್ಟಣಕ್ಕೆ ಹಾಕಿದರೆ ಮೂಲ ಬದಲಾಗುವುದಿಲ್ಲ. ಅಂಥ ಕೆಲಸ ಸಾಲದು ಎಂದು ಒಪ್ಪಂದವೇ ಪಟ್ಟಿ ಮಾಡಿ ಹೇಳಿದೆ. ಲೆಸ್ಟರ್‌ನಲ್ಲೇ ಬಟ್ಟೆ ಕತ್ತರಿಸಿ ಹೊಲಿದರೂ ಆ ಬಟ್ಟೆ ಹೊರಗೆ ನೇಯ್ದದ್ದಾದರೆ ಸಾಮಾನ್ಯವಾಗಿ ಬ್ರಿಟನ್ ಮೂಲ ಸಿಗುವುದಿಲ್ಲ. ನೇಯ್ಗೆಯೂ ಹೊಲಿಗೆಯೂ ಸೇರಿ ಒಳಗೇ ಆಗಿರಬೇಕು.

ಪರಿಹಾರಗಳಿವೆ. ಒಕ್ಕೂಟಕ್ಕೆ ಹೋಗುವ ಪಾಲನ್ನು ಬೆಂಗಳೂರಿನಲ್ಲೇ ಬೇರ್ಪಡಿಸಿ ರಾಟರ್‌ಡ್ಯಾಮ್‌ಗೋ ಡಬ್ಲಿನ್‌ಗೋ ನೇರ ಕಳಿಸಬಹುದು. ಬ್ರಿಟನ್ನಿನಲ್ಲೇ ಇಳಿಸಬೇಕಾದರೆ ಸುಂಕ ಕಟ್ಟದೆ ಬಾಂಡೆಡ್ ಗೋದಾಮಿನಲ್ಲಿಟ್ಟು, ಅಲ್ಲಿಂದ ಟಿ1 ಸಾಗಣೆ ದಾಖಲೆಯ ಮೇಲೆ ಮುಂದೆ ಕಳಿಸಬಹುದು. ಎರಡಕ್ಕೂ ಆರ್ಡರ್ ಹಿಡಿಯುವಾಗಲೇ ಎಷ್ಟು ಸರಕು ಎಲ್ಲಿಗೆ ಎಂದು ಗೊತ್ತಿರಬೇಕು. ಸರಕು ಗೋದಾಮಿನಿಂದ ಬಿಡುಗಡೆಯಾದ ಮೇಲೆ ಯೋಚಿಸಿ ಪ್ರಯೋಜನವಿಲ್ಲ.

ಕಾರಿನದೂ ಇದೇ ಕಥೆ. ಒಕ್ಕೂಟಕ್ಕೆ ಹೋಗುವ ಪೆಟ್ರೋಲ್, ಡೀಸೆಲ್ ಕಾರಿಗೆ ಸೊನ್ನೆ ಸುಂಕ ಬೇಕಾದರೆ ಹೊರಗಿನ ಬಿಡಿಭಾಗಗಳ ಮೌಲ್ಯ ಶೇ 55 ಮೀರಬಾರದು. ಮೀರಿದರೆ ಶೇ 10 ಸುಂಕ. ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಸೇರಿದಂತೆ ಎಲ್ಲ ತಯಾರಕರಿಗೂ ಈ ಲೆಕ್ಕ ಕಡ್ಡಾಯ. ವಿದ್ಯುತ್ ಕಾರುಗಳ ಬ್ಯಾಟರಿ ವಿಷಯದಲ್ಲಿ ನಿಯಮ ಬಿಗಿಯಾಗಬೇಕಿದ್ದುದನ್ನು 2026ರ ಕೊನೆಯವರೆಗೆ ಮುಂದೂಡಿದ್ದಾರೆ.

ಇನ್ನು ಚರ್ಚೆಗಳಲ್ಲಿ ಎರಡೂ ಕಡೆಯವರು ಬೀಸುವ ಅಂಕಿಗಳು. 2016ರಲ್ಲಿ ಬಿಡೋಣ ಎಂದವರು ತಮ್ಮ ಪ್ರಚಾರದ ಬಸ್ಸಿನ ಮೇಲೆ ಬರೆದಿದ್ದ ‘ವಾರಕ್ಕೆ 35 ಕೋಟಿ ಪೌಂಡ್’ ಒಕ್ಕೂಟಕ್ಕೆ ಹೋಗುತ್ತಿದ್ದ ಹಣವಲ್ಲ. 1984ರಲ್ಲಿ ಒಪ್ಪಿಸಿಕೊಂಡ ರಿಯಾಯಿತಿ ಮೊದಲೇ ಕಳೆದು ಉಳಿದದ್ದಷ್ಟೇ ಹೋಗುತ್ತಿತ್ತು, ಅದರಲ್ಲೂ ಒಂದು ಭಾಗ ರೈತರಿಗೆ, ಹಿಂದುಳಿದ ಪ್ರದೇಶಗಳಿಗೆ ಮರಳುತ್ತಿತ್ತು. ಆ ಅಂಕಿ ದಾರಿತಪ್ಪಿಸುವಂಥದ್ದು ಎಂದು ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರ ಅಂದೇ ಹೇಳಿತ್ತು. ಇತ್ತ ಉಳಿಯೋಣ ಎಂದವರ ಪರವಾಗಿ ಹಣಕಾಸು ಇಲಾಖೆ 2016ರ ಮೇ ತಿಂಗಳಲ್ಲಿ ಕೊಟ್ಟ ಎಚ್ಚರಿಕೆ, ಮತ ಬಿದ್ದ ಕೂಡಲೇ ಆರ್ಥಿಕ ಹಿಂಜರಿತ ಬರುತ್ತದೆ ಎಂಬುದು. ಹಾಗೆ ಆಗಲಿಲ್ಲ. ಜನ ತಜ್ಞರ ಮಾತನ್ನೇ ನಂಬದಂತಾಗಲು ಆ ಅವಸರದ ಭವಿಷ್ಯವಾಣಿಯೂ ಕಾರಣ ಎಂದು ನಮಗೆ ಅನ್ನಿಸುತ್ತದೆ. ಈಗ ಹೆಚ್ಚು ಓಡಾಡುವ ಅಂಕಿ ಶೇ 4. ‘ಬ್ರೆಕ್ಸಿಟ್‌ನಿಂದ ದೇಶದ ಆದಾಯ ಶೇ 4 ಕುಸಿದಿದೆ’ ಎಂದು ಅದನ್ನು ಹೇಳುತ್ತಾರೆ. ಬ್ರಿಟನ್ನಿನ ಸ್ವತಂತ್ರ ಬಜೆಟ್ ಹೊಣೆಗಾರಿಕೆ ಕಚೇರಿ (ಒಬಿಆರ್) ಅಂದಾಜಿಸಿರುವುದು ಬೇರೆ: ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದ ಮಟ್ಟಕ್ಕೆ ಹೋಲಿಸಿದರೆ, ದೀರ್ಘಾವಧಿಯಲ್ಲಿ ಉತ್ಪಾದಕತೆ ಶೇ 4 ಕಡಿಮೆ, ರಫ್ತು ಆಮದು ಸುಮಾರು ಶೇ 15 ಕಡಿಮೆ ಇರುತ್ತವೆ ಎಂದು. ಇದು ನಿಧಾನವಾಗಿ ಆಗುವ ನಷ್ಟ. ಕುಸಿತವಲ್ಲ ಎಂದು ಅಲಕ್ಷಿಸುವಷ್ಟು ಚಿಕ್ಕದೂ ಅಲ್ಲ.

ವಲಸೆಯ ಮಾತನ್ನು ಬೇಗ ಮುಗಿಸುತ್ತೇವೆ. ಯುರೋಪಿನವರಿಗೆ ಬಾಗಿಲು ಮುಚ್ಚಿದರೆ ದಕ್ಷಿಣ ಏಷ್ಯಾದವರಿಗೆ ತೆರೆಯುತ್ತದೆ, ಭಾರತೀಯ ಅಡುಗೆಯ ‘ಕರಿ’ ಹೋಟೆಲುಗಳಿಗೆ ಅಡುಗೆಯವರು ಸಿಗುತ್ತಾರೆ ಎಂದು 2016ರಲ್ಲಿ ನಮ್ಮವರ ನಡುವೆ ಪ್ರಚಾರ ನಡೆಯಿತು. 2021ರ ಅಂಕ ಆಧಾರಿತ ವೀಸಾ ಪದ್ಧತಿ ಸ್ವಲ್ಪ ಕಾಲ ಹಾಗೆ ಕಾಣಿಸಿತು ಕೂಡ. 2023ರ ಹೊತ್ತಿಗೆ ವರ್ಷದ ನಿವ್ವಳ ವಲಸೆ 9 ಲಕ್ಷ ದಾಟಿತು. ಆಮೇಲೆ ಬಾಗಿಲು ಎಷ್ಟು ಬೇಗ ಮುಚ್ಚಿತು ನೋಡಿ: 2024ರ ಜನವರಿಯಿಂದ ಬಹುತೇಕ ವಿದ್ಯಾರ್ಥಿಗಳು ಕುಟುಂಬ ಕರೆತರುವಂತಿಲ್ಲ. ಮಾರ್ಚ್‌ನಿಂದ ಆರೈಕೆ ಕೆಲಸಗಾರರಿಗೂ ಅದೇ ನಿಯಮ. ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ವೇತನ ಮಿತಿ 26,200 ಪೌಂಡಿನಿಂದ 38,700ಕ್ಕೆ, 2025ರ ಜುಲೈನಲ್ಲಿ 41,700ಕ್ಕೆ ಏರಿತು. ಒಕ್ಕೂಟದ ಒಳಗಿದ್ದಾಗ ಯುರೋಪಿನವರಿಗೆ ಇದ್ದ ಹಕ್ಕು ಸಂಧಿಯಲ್ಲಿ ಬರೆದದ್ದು, ಗೃಹ ಸಚಿವರು ಒಂದು ಬೆಳಿಗ್ಗೆ ಎದ್ದು ತೆಗೆಯಲಾಗದ್ದು. ನಮ್ಮವರಿಗೆ ಸಿಕ್ಕಿದ್ದು ಅಂಥ ಹಕ್ಕಲ್ಲ, ಇಲಾಖೆಯ ನಿಯಮಾವಳಿ ಮಾತ್ರ.

ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲಿರುವ ಐರ್ಲೆಂಡಿಗೂ ನಡುವಿನ ಗಡಿಯನ್ನು ಕೆಲವರು ಪರದೇಶದ ತಂಟೆ ಎಂಬಂತೆ ತಳ್ಳಿಹಾಕುತ್ತಾರೆ. ಸುಮಾರು 500 ಕಿಲೋಮೀಟರ್ ಉದ್ದದ ಆ ಗಡಿಯಲ್ಲಿ ಮತ್ತೆ ಠಾಣೆ ಏಳಬಾರದು ಎಂಬುದು ಉತ್ತರ ಐರ್ಲೆಂಡಿನ ಹಿಂಸಾಚಾರ ಕೊನೆಗಾಣಿಸಿದ 1998ರ ಶಾಂತಿ ಒಪ್ಪಂದವನ್ನು ಕಾಪಾಡಲು ಇಟ್ಟುಕೊಂಡ ಷರತ್ತು. ತಪಾಸಣೆ ಎಲ್ಲೋ ಒಂದು ಕಡೆ ಆಗಲೇಬೇಕಾದ್ದರಿಂದ ಅದು ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವಿನ ಐರಿಷ್ ಕಡಲಿಗೆ ಸರಿಯಿತು. ಸರಕಿನ ಮಟ್ಟಿಗೆ ಉತ್ತರ ಐರ್ಲೆಂಡ್ ಒಕ್ಕೂಟದ ನಿಯಮದಲ್ಲೇ ಉಳಿಯಿತು. 2023ರ ವಿಂಡ್ಸರ್ ಒಪ್ಪಂದ ಹಸಿರು ಮತ್ತು ಕೆಂಪು ಎಂದು ಎರಡು ಸಾಲು ಮಾಡಿ ಹೊರೆ ಇಳಿಸಿತೇ ಹೊರತು ತಪಾಸಣೆಯನ್ನು ಇಲ್ಲವಾಗಿಸಲಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ಸರಕು ಕಳಿಸುವ ಸಣ್ಣ ಅಂಗಡಿಯವರು ನಿಮ್ಮಲ್ಲಿದ್ದರೆ ಅವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಮುಂದಿಡುತ್ತಿರುವ ದಾರಿಗಳ ಬಗ್ಗೆ ನಮ್ಮ ಅಭಿಪ್ರಾಯ.

ಹೆಚ್ಚು ಕೇಳಿಬರುವುದು ಕಸ್ಟಮ್ಸ್ ಯೂನಿಯನ್. 2019ರ ಏಪ್ರಿಲ್ 1ರಂದು ಬ್ರಿಟನ್ ಸಂಸತ್ತಿನಲ್ಲಿ ಇದು 273–276ರಲ್ಲಿ, ಮೂರೇ ಮತದಿಂದ ಬಿದ್ದುಹೋಗಿತ್ತು. ಇದರಿಂದ ಮೂಲದ ನಿಯಮದ ತೊಂದರೆ ಹೋಗುತ್ತದೆ, ಮೇಲೆ ಹೇಳಿದ ಶರ್ಟಿಗೆ ಎರಡು ಸಲ ಸುಂಕ ಬೀಳುವುದಿಲ್ಲ. ಪಶುವೈದ್ಯರ ಸಹಿ ಮಾತ್ರ ಹಾಗೇ ಉಳಿಯುತ್ತದೆ. ಟರ್ಕಿಯನ್ನು ನೋಡಿ. 1995ರ ಕೊನೆಯ ದಿನದಿಂದ ಅದು ಒಕ್ಕೂಟದೊಂದಿಗೆ ಕೈಗಾರಿಕಾ ಸರಕುಗಳಿಗೆ ಕಸ್ಟಮ್ಸ್ ಯೂನಿಯನ್‌ನಲ್ಲಿದೆ. ಆದರೂ ಬಲ್ಗೇರಿಯಾ ಗಡಿಯ ಕಪಿಕುಲೆಯಲ್ಲಿ ಲಾರಿಗಳ ಸಾಲು ತಪ್ಪಿಲ್ಲ. ಇನ್ನೊಂದು ತೊಡಕೂ ಇದೆ: ಒಕ್ಕೂಟ ಮೂರನೇ ದೇಶದ ಜೊತೆ ಒಪ್ಪಂದ ಮಾಡಿಕೊಂಡರೆ ಆ ದೇಶದ ಸರಕು ಒಕ್ಕೂಟದ ಮೂಲಕ ಟರ್ಕಿಗೂ ಬರುತ್ತದೆ, ಟರ್ಕಿಯ ಸರಕಿಗೆ ಆ ದೇಶದಲ್ಲಿ ರಿಯಾಯಿತಿ ತಾನಾಗಿ ಸಿಗುವುದಿಲ್ಲ.

ಇಲ್ಲೇ ಕರ್ನಾಟಕದ ಹಿತವೂ ಸೇರಿಕೊಂಡಿದೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ಭಾರತದ ಶೇ 99ರಷ್ಟು ಬಗೆಯ ಸರಕಿಗೆ ಸುಂಕ ಸೊನ್ನೆ, ಉಡುಪೂ ಸೇರಿ. ಬದಲಿಗೆ ಭಾರತ ವಿಸ್ಕಿಯ ಮೇಲಿನ ಶೇ 150 ಸುಂಕವನ್ನು ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಸಲು ಒಪ್ಪಿದೆ. ಪೂರ್ಣ ಕಸ್ಟಮ್ಸ್ ಯೂನಿಯನ್ ಸೇರಿದ ಬ್ರಿಟನ್ ಒಕ್ಕೂಟದ ಹೊರಸುಂಕವನ್ನೇ ವಿಧಿಸಬೇಕಾಗುತ್ತದೆ. ಭಾರತಕ್ಕೆಂದು ಪ್ರತ್ಯೇಕ ದರ ಇಟ್ಟುಕೊಳ್ಳಲಾಗದು. ಒಕ್ಕೂಟದ ಜೊತೆ ಭಾರತಕ್ಕೆ ಬೇರೆ ಒಪ್ಪಂದವಿದ್ದರೂ ಬ್ರಿಟನ್ ಭಾರತದೊಡನೆ ಹೊಸದಾಗಿ ಕೂತು ಮಾತಾಡಬೇಕು. ಬೆಂಗಳೂರಿನ ಐಟಿ ಕಂಪನಿಗಳು ಕಳಿಸುವ ನೌಕರರಿಗೆ ಕೆಲವು ವರ್ಷದವರೆಗೆ ಎರಡೂ ದೇಶದಲ್ಲಿ ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟುವುದನ್ನು ತಪ್ಪಿಸುವ ಒಡಂಬಡಿಕೆ ಬೇರೆಯದು, ಕಸ್ಟಮ್ಸ್ ಯೂನಿಯನ್ ಅದನ್ನು ಮುಟ್ಟುವುದಿಲ್ಲ. ಇವೆರಡನ್ನೂ ಬೆರೆಸಿ ಹೆದರಿಸುವವರ ಮಾತು ನಂಬಬೇಡಿ.

ನಾರ್ವೆಯಂತೆ ಒಕ್ಕೂಟದ ಏಕ ಮಾರುಕಟ್ಟೆಯಲ್ಲಿ (ಸರಕಿನ ಗುಣಮಟ್ಟಕ್ಕೆ ಎಲ್ಲರಿಗೂ ಒಂದೇ ನಿಯಮವಿರುವ ಮಾರುಕಟ್ಟೆಯಲ್ಲಿ) ಇದ್ದು ಕಸ್ಟಮ್ಸ್ ಯೂನಿಯನ್‌ನ ಹೊರಗಿರುವುದು ಇನ್ನೊಂದು ದಾರಿ. ಗುಣಮಟ್ಟದ ತಡೆಗಳು ಬಹುಪಾಲು ಹೋಗುತ್ತವೆ, ಭಾರತದ ಒಪ್ಪಂದವೂ ಉಳಿಯಬಹುದು. ನಾರ್ವೆ–ಸ್ವೀಡನ್ ನಡುವಿನ ಸ್ವಿನೆಸುಂಡ್‌ನಲ್ಲಿ ಸುಂಕದ ಠಾಣೆ ಇಂದಿಗೂ ಇದೆ, ಘೋಷಣೆ ತಪ್ಪುವುದಿಲ್ಲ. ಯುರೋಪಿನವರ ಮುಕ್ತ ಓಡಾಟ ಒಪ್ಪಬೇಕು, ಹಣ ಕೊಡಬೇಕು, ಬರೆಯುವಾಗ ಮತವಿಲ್ಲದ ನಿಯಮ ಪಾಲಿಸಬೇಕು. ವ್ಯಾಪಾರದ ದೃಷ್ಟಿಯಿಂದ ದೊಡ್ಡ ಪರಿಹಾರ ಇದೇ ಎಂಬುದು ನಮ್ಮ ನಂಬಿಕೆ. ಮುಕ್ತ ಓಡಾಟದ ಹೆಸರೆತ್ತದೆ ಇದನ್ನು ಮಾರುವವರು ಮತದಾರರಿಗೆ ಮೋಸ ಮಾಡುತ್ತಾರೆ.

ಪೂರ್ತಿ ಮರಳುವುದೆಂದರೆ ಲಿಸ್ಬನ್ ಸಂಧಿಯಿಂದ ತಿದ್ದುಪಡಿಯಾದ ಒಕ್ಕೂಟ ಸಂಧಿಯ 49ನೇ ವಿಧಿ. 27 ದೇಶಗಳೂ ಒಪ್ಪಬೇಕು. ಹಳೆಯ ರಿಯಾಯಿತಿ, ಯೂರೋ ನಾಣ್ಯದಿಂದ ಪಡೆದಿದ್ದ ವಿನಾಯಿತಿ ಮತ್ತೆ ಸಿಗುತ್ತವೆ ಎಂಬ ಖಾತರಿ ಇಲ್ಲ.

ಇವೆಲ್ಲಕ್ಕಿಂತ ಬೇಗ ಕೈಗೆಟಕುವುದು 2025ರ ಮೇ 19ರ ಶೃಂಗಸಭೆಯಲ್ಲಿ ಎರಡೂ ಕಡೆ ಒಪ್ಪಿಕೊಂಡ ಆಹಾರ, ಪ್ರಾಣಿ, ಸಸ್ಯ ಆರೋಗ್ಯ ಒಪ್ಪಂದದ ದಾರಿ. ಅದು ಪೂರ್ತಿಯಾಗಿ ಜಾರಿಯಾದರೆ ಚೀಸಿನ ಮೇಲಿನ ಪಶುವೈದ್ಯರ ಪ್ರಮಾಣಪತ್ರ ಬಹುತೇಕ ಬೇಡವಾಗುತ್ತದೆ, ಸುಂಕ ಘೋಷಣೆ ಉಳಿಯುತ್ತದೆ. ಬೆಲೆ: ಆ ಕ್ಷೇತ್ರದಲ್ಲಿ ಒಕ್ಕೂಟದ ನಿಯಮ ಬದಲಾದಾಗ ಬ್ರಿಟನ್ನೂ ಬದಲಿಸಬೇಕು. ಮೀನುಗಾರರಿಗೂ ಬೆಲೆಯಿದೆ. ಅದೇ ಸಭೆಯಲ್ಲಿ ಬ್ರಿಟನ್ನಿನ ಕಡಲಿನಲ್ಲಿ ಒಕ್ಕೂಟದ ದೋಣಿಗಳ ಪ್ರವೇಶವನ್ನು 2038ರವರೆಗೆ ವಿಸ್ತರಿಸಲಾಯಿತು. ಇಷ್ಟನ್ನು ತಿಳಿದೇ ನಾವು ಈ ಒಪ್ಪಂದವನ್ನು ಬೆಂಬಲಿಸುತ್ತೇವೆ. ಸಣ್ಣ ತಯಾರಕರಿಗೆ ಇಷ್ಟು ಬೇಗ ಉಸಿರು ಕೊಡುವ ಬೇರೆ ದಾರಿ ನಮಗೆ ಕಾಣುತ್ತಿಲ್ಲ.

ಕನ್ನಡ ಸಂಘಗಳು ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗಳನ್ನು ಕರೆದು ಚರ್ಚೆ ಏರ್ಪಡಿಸುತ್ತವೆ. ಆ ವೇದಿಕೆಗೆ ಒಂದು ಇನ್‌ವಾಯ್ಸ್, ಒಂದು ರಫ್ತು ಆರೋಗ್ಯ ಪ್ರಮಾಣಪತ್ರ, ಒಂದು ಸುಂಕ ಘೋಷಣೆ ತಂದಿಡಿ. ‘ನಿಮ್ಮ ಯೋಜನೆ ಜಾರಿಯಾದರೆ ಇದರಲ್ಲಿ ಯಾವುದು ಹೋಗುತ್ತದೆ, ಯಾವ ವರ್ಷ ಹೋಗುತ್ತದೆ, ಭಾರತದ ಜೊತೆಗಿನ ಸೊನ್ನೆ ದರ ಏನಾಗುತ್ತದೆ, ಯುರೋಪಿನವರ ಓಡಾಟಕ್ಕೆ ನಿಮ್ಮ ಉತ್ತರವೇನು’ ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಮತದಾರರ ಪಟ್ಟಿಗೆ ಇನ್ನೂ ಸೇರದವರು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಇಟ್ಟುಕೊಂಡು ಆನ್‌ಲೈನ್‌ನಲ್ಲೇ ನೋಂದಾಯಿಸಿಕೊಳ್ಳಬಹುದು, ಪೌರತ್ವ ಬದಲಿಸಬೇಕಾಗಿಲ್ಲ. ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ದಾಖಲೆ ಕೇಳುತ್ತಾರೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಇಂತಿ,
ಸರಕು ಸಾಗಣೆ ಮತ್ತು ಸುಂಕ ಘೋಷಣೆಯ ಕೆಲಸದಲ್ಲಿರುವ ಕನ್ನಡಿಗರು